ರಾಜನ ಕಾಯಿ ಕಡಿದ ಸಂಕವ್ವ

ಒಂದು ರಾಜ್ಯ ಇತ್ತು. ಎಲ್ಲಿತ್ತು ಅಂತ ಮಾತ್ರ ಕೇಳಬೇಡಿ, ಕೇಳಿದವರನ್ನು ಎಬ್ಬಿಸಿ ಹಿಂದಿನ ಸಾಲಿಗೆ ಕಳಿಸಲಾಗುವುದು. ಆ ರಾಜ್ಯಕ್ಕೆ ಸಿಡುಕಪ್ಪನಾಯಕ ಅಂತ ಒಬ್ಬ ರಾಜ. ಅವನಿಗೆ ಆನೆ ಇತ್ತು, ಕುದುರೆ ಇತ್ತು, ಬೆನ್ನು ಕೆರೆಯುವುದಕ್ಕೇ ಅಂತ ಒಬ್ಬ ಆಳು ಕೂಡ ಇದ್ದ. ನಗು ಒಂದು ಇರಲಿಲ್ಲ. ಹುಳಿ ಮಜ್ಜಿಗೆ ಕುಡಿದು ಮೇಲೆ ಹಾಗಲಕಾಯಿ ಕಚ್ಚಿದವನ ಮುಖ ನೋಡಿದ್ದೀರಲ್ಲ? ರಾಜನ ಮುಖ ಅದಕ್ಕಿಂತ ಸ್ವಲ್ಪ ಕೆಟ್ಟದಾಗಿತ್ತು.

ರಾಜನಿಗೆ ಬೇಜಾರಾಗದ ಹಾಗೆ ನೋಡಿಕೊಳ್ಳಲು ಭರಮಯ್ಯ ಅಂತ ಒಬ್ಬ ವಿನೋದಮಂತ್ರಿ ಇದ್ದ. ಬೆಳಿಗ್ಗೆ ಕುಸ್ತಿ ತೋರಿಸುತ್ತಿದ್ದ, ಮಧ್ಯಾಹ್ನ ಕುಣಿತ ತೋರಿಸುತ್ತಿದ್ದ, ಸಂಜೆ ಚೌಕಾಬಾರ ಆಡಿಸುತ್ತಿದ್ದ. ರಾಜ ಮೂರು ಹೊತ್ತೂ ಆಕಳಿಸುತ್ತಿದ್ದ. ಬಾಯಿ ಮುಚ್ಚುವಷ್ಟರಲ್ಲಿ ಇನ್ನೊಂದು ಆಕಳಿಕೆ ಬಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ಅರಮನೆಯ ಗೋಡೆಗೆ ಅಂಟಿಕೊಂಡ ಹಾಗೆ ಒಂದು ಬಳೆಗಾರರ ಮನೆ. ಅಲ್ಲಿ ಸಂಕವ್ವ ಅಂತ ಒಬ್ಬ ಅಜ್ಜಿ, ಅವಳ ಮಗ ಈರಭದ್ರ, ಸೊಸೆ ಗಿರಿಜಿ, ಒಂದಿಷ್ಟು ಮೊಮ್ಮಕ್ಕಳು. ದೀಪ ಹಚ್ಚಿದ ಕೂಡಲೇ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಒಡೆದ ಬಳೆಚೂರುಗಳನ್ನೇ ಕಾಯಿ ಮಾಡಿಕೊಂಡು, ಅವರೂ ಚೌಕಾಬಾರಕ್ಕೆ ಕೂರುತ್ತಿದ್ದರು.

"ಅತ್ತೆ, ನಾಲ್ಕು ಬಿದ್ರೆ ಐದು ಮನೆ ನಡೆಸ್ತೀರಲ್ಲ, ದೇವರು ಮೆಚ್ತಾನಾ?"

"ನನಗೆ ಕಣ್ಣು ಮಂಜು ಕಣೇ ಗಿರಿಜಿ."

"ಮಂಜಾದ ಕಣ್ಣು ಯಾವತ್ತೂ ಮುಂದಕ್ಕೇ ಎಣಿಸುತ್ತೆ, ಹಿಂದಕ್ಕೆ ಒಂದು ದಿನಾನೂ ಎಣಿಸಲ್ಲ!"

ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗು ಗೋಡೆ ಹತ್ತಿ, ಕಿಟಕಿಯಲ್ಲಿ ನುಗ್ಗಿ, ರಾಜನ ಕಿವಿಗೆ ಬೀಳುತ್ತಿತ್ತು.

"ಭರಮಯ್ಯ, ನನ್ನ ಹತ್ತಿರ ಇಲ್ಲದ್ದು ಆ ಮನೆಯಲ್ಲಿ ಏನಿದೆ?" ಅಂದ ರಾಜ.

"ಏನಿದ್ದರೂ ತಂದುಬಿಡ್ತೀನಿ ಬುದ್ಧಿ."

ಮೊದಲನೇ ಸಲ ಭರಮಯ್ಯ ಭಟರನ್ನು ಕಟ್ಟಿಕೊಂಡು ಹೋಗಿ ಅವರ ಕವಡೆ ಕಿತ್ತುಕೊಂಡು ಬಂದ. ಮನೆಯವರು ಹುಣಸೆಬೀಜ ತಂದರು, ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿದರು, ಅದನ್ನೇ ಎಸೆದು ಆಡಿದರು. ನಗು ಬಂತು, ಮೊದಲಿಗಿಂತ ಜೋರಾಗಿ.

ಎರಡನೇ ಸಲ ಹುಣಸೆಬೀಜ ಕಿತ್ತುಕೊಂಡ. ಮತ್ತೆ ಸಿಗಬಾರದು ಅಂತ ಇಡೀ ಬೀದಿಯ ಹುಣಸೆಹಣ್ಣನ್ನೇ ಹೊತ್ತುಕೊಂಡು ಬಂದ. ಬೀದಿಯವರೆಲ್ಲ ಸಪ್ಪೆ ಸಾರು ಉಂಡು ಭರಮಯ್ಯನ ವಂಶಕ್ಕೆ ಹಿಡಿಶಾಪ ಹಾಕಿದರು. ಸಂಕವ್ವನ ಮನೆಯಲ್ಲಿ ಈಗ ಕವಡೆಯೂ ಇಲ್ಲ, ಬೀಜವೂ ಇಲ್ಲ. ಅವರು ಸುಮ್ಮನೆ ಕೂತರು. ಸುಮ್ಮನೆ ಕೂತು, ಮೊನ್ನೆಯ ಆಟದಲ್ಲಿ ಯಾರು ಮೋಸ ಮಾಡಿದ್ದು ಅಂತ ಜಗಳ ಶುರು ಮಾಡಿದರು. ಈರಭದ್ರ ಅವ್ವನ ಹಾಗೆ ಕಣ್ಣು ಕಿರಿದು ಮಾಡಿ ಮನೆ ಎಣಿಸುವುದನ್ನು ನಟಿಸಿ ತೋರಿಸಿದ. ಆವತ್ತು ನಗು ಎಷ್ಟು ಜೋರಾಗಿತ್ತು ಅಂದರೆ ಅರಮನೆಯ ಪಾರಿವಾಳಗಳು ಗೂಡು ಬಿಟ್ಟು ಹಾರಿದವು.

ಮೂರನೇ ಸಲ ಭರಮಯ್ಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡಿದ. ಎಲ್ಲರೂ ನಗುವಾಗ ಅಜ್ಜಿಯ ಕಡೆಗೇ ತಿರುಗುತ್ತಾರೆ ಅನ್ನುವುದು ಅವನಿಗೆ ಹೊಳೆಯಿತು. ಅಜ್ಜಿಯನ್ನೇ ಎತ್ತಿಕೊಂಡು ಹೊರಟ!

ಸೊಸೆ ಓಡಿ ಬಂದು ಅಡ್ಡ ನಿಂತಳು. "ನಮ್ಮತ್ತೆನ ಎಲ್ಲಿಗೆ ಕರ್ಕೊಂಡು ಹೋಗ್ತೀರಿ ಸ್ವಾಮಿ? ನಾನು ಯಾರ ಜೊತೆ ಜಗಳ ಆಡ್ಲಿ?"

"ಗಂಡನ ಜೊತೆ ಆಡು."

"ಅವರು ಎರಡೇ ಮಾತಿಗೆ ಸೋತುಬಿಡ್ತಾರೆ, ರುಚಿ ಇರಲ್ಲ" ಅಂತ ಗಿರಿಜಿ ಅಳೋದಕ್ಕೇ ಶುರು ಮಾಡಿದಳು.

ಆ ಸಂಜೆ ಆ ಮನೆಯಿಂದ ಸದ್ದೇ ಇಲ್ಲ. ದೀಪ ಹಚ್ಚಿದರು, ಉಂಡರು, ಗೋಡೆ ನೋಡುತ್ತ ಕೂತರು. ಮಕ್ಕಳು ಬಳೆಚೂರುಗಳನ್ನು ಆರಿಸಿ ಮಡಕೆಗೆ ಹಾಕಿಬಿಟ್ಟವು.

ಅರಮನೆಯಲ್ಲಿ ಸಂಕವ್ವನನ್ನು ರಾಜನ ಎದುರು ಬೆಳ್ಳಿ ಮಣೆಯ ಮೇಲೆ ಕೂರಿಸಿದರು.

"ಹ್ಞೂಂ, ನಗಿಸು" ಅಂದ ಭರಮಯ್ಯ.

"ನಗಿಸೋಕೆ ನಾನೇನು ಗಿಲಕಿನಾ? ಅಲ್ಲಾಡಿಸಿದ ತಕ್ಷಣ ಸದ್ದು ಬರುತ್ತಾ?" ಅಂದಳು ಅಜ್ಜಿ.

ಅಷ್ಟರಲ್ಲಿ ರಾಜನ ಆಟದ ಹೊತ್ತಾಯಿತು. ದಂತದ ಮಣೆ ಬಂತು, ಬೆಳ್ಳಿ ಬಟ್ಟಲಲ್ಲಿ ಕವಡೆ ಬಂತು. ಎದುರಿಗೆ ಸೇನಾಪತಿ ಕೂತ. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಗಿನ ಮನೆಗೆ ಹೋಗುವ ಹಾಗಿಲ್ಲ, ಒಳಗೆ ಹೋಗದೆ ಗೆಲ್ಲುವ ಹಾಗಿಲ್ಲ. ಆದರೆ ರಾಜನ ಕಾಯಿ ಕಡಿಯುವ ಗಂಡಸು ಆ ರಾಜ್ಯದಲ್ಲಿ ಎಲ್ಲಿದ್ದ? ಸೇನಾಪತಿ ತನ್ನ ಕಾಯಿಗಳನ್ನು ತಂದು ತಂದು ರಾಜನ ಕಾಯಿಯ ಮುಂದೆ ನಿಲ್ಲಿಸಿದ. ರಾಜ ಕಡಿದ, ಕಡಿದ, ಕಡಿದ. ಎಲ್ಲರೂ "ಭಲೇ ಬುದ್ಧಿ!" ಅಂದರು. ರಾಜ ಆಕಳಿಸಿದ.

ಸಂಕವ್ವ ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕನೆ ನಕ್ಕಳು.

"ಯಾಕೆ ನಗ್ತೀಯ?" ರಾಜ ಗದರಿಸಿದ.

"ತಪ್ಪು ತಿಳೀಬೇಡಿ ಬುದ್ಧಿ. ನೀವು ಆಟ ಆಡ್ತಿಲ್ಲ, ಸೊಪ್ಪು ಕೊಯ್ತಿದ್ದೀರಿ. ಸೊಪ್ಪೇನು ಎದುರು ನಿಲ್ಲುತ್ತಾ? ನಾನು ಕೂರಲಾ? ನಾನು ಗೆದ್ರೆ ನನ್ನನ್ನೂ ಬೀದಿಯವರ ಹುಣಸೆಹಣ್ಣನ್ನೂ ಮನೆಗೆ ಕಳಿಸಿ. ನೀವು ಗೆದ್ರೆ ಇಲ್ಲೇ ಬಿದ್ದಿರ್ತೀನಿ, ನೀವು ನಗು ಅಂದಾಗ ನಗ್ತೀನಿ, ಸಾಯೋವರೆಗೂ ಮೊಮ್ಮಕ್ಕಳ ಮುಖ ನೋಡಲ್ಲ."

ಹೇಳಿ ಅಜ್ಜಿ ಗೋಡೆಯಾಚೆಗಿನ ತನ್ನ ಮನೆಯ ಕಡೆ ಒಂದು ಸಲ ತಿರುಗಿ ನೋಡಿದಳು. ಎಷ್ಟಾದರೂ ಮೊಮ್ಮಕ್ಕಳು.

ರಾಜ ಒಪ್ಪಿದ. ಭರಮಯ್ಯ ಮಾತ್ರ ಒಳಗೊಳಗೇ ಲೆಕ್ಕ ಹಾಕಿದ. ಈ ಮುದುಕಿ ಬೇಕಂತ ಸೋಲುವ ಪೈಕಿ ಅಲ್ಲ. ರಾಜ ಒಂದು ಸಲ ನಿಜವಾದ ಆಟದ ರುಚಿ ನೋಡಿದರೆ ವಿನೋದಮಂತ್ರಿಯ ಗತಿ ಏನು? ಅವನು ಒಳಗೆ ಹೋಗಿ ಬೇರೆ ಕವಡೆ ತಂದ. ಅವಕ್ಕೆ ಬೆನ್ನಿನ ಕಡೆ ಅರಗು ತುಂಬಿತ್ತು. ಹೇಗೆ ಎಸೆದರೂ ನಾಲ್ಕೂ ಬಾಯಿ ಮೇಲೆ ಮಾಡಿ ಬೀಳಬೇಕು. ನಾಲ್ಕೂ ಮೇಲೆ ಬಿದ್ದರೆ ಚೌಕ, ಚೌಕ ಬಿದ್ದರೆ ಇನ್ನೊಂದು ಸಲ ಎಸೆಯುವ ಹಕ್ಕು. ಇನ್ನೇನು ಬೇಕು?

"ರಾಜರ ಕವಡೆ ಪ್ರಜೆಗಳು ಮುಟ್ಟಬಾರದು. ಅವಳ ಮನೆಯಿಂದ ತಂದ ಕವಡೆ ಇದೆಯಲ್ಲ, ಮುದುಕಿ ಅದರಲ್ಲೇ ಆಡಲಿ" ಅಂತ ಅಪ್ಪಣೆ ಮಾಡಿ, ರಾಜನ ಕವಡೆಯನ್ನು ಒಂದು ಸಲ ಎಸೆದು ತೋರಿಸಿದ. ಚೌಕ! ಸಭೆ ಚಪ್ಪಾಳೆ ತಟ್ಟಿತು. ಆದರೆ ಕವಡೆ ಬಿದ್ದ ಸದ್ದು ಹೇಗಿರಬೇಕು? ಟಕಟಕ ಅನ್ನಬೇಕು. ಇವು ಸಗಣಿ ಉಂಡೆಯ ಹಾಗೆ ದಪ್ ಅಂದವು. ಸಂಕವ್ವನಿಗೆ ಕಣ್ಣು ಮಂಜು, ಕಿವಿ ಮಂಜಲ್ಲ.

ಅಜ್ಜಿ ಏನೂ ಗೊತ್ತಾಗದವಳ ಹಾಗೆ ಕೇಳಿದಳು. "ಯಾರ ಮನೆ ನಿಯಮ ಸ್ವಾಮಿ? ನಿಮ್ಮದಾ, ನಮ್ಮದಾ?"

ಭರಮಯ್ಯ ಕಣ್ಣು ಬಿಟ್ಟ. ಅರಮನೆಯಲ್ಲಿ ಚೌಕಾಬಾರಕ್ಕೆ ನಿಯಮವನ್ನೇ ಯಾರೂ ಮಾಡಿರಲಿಲ್ಲ. ಗೆಲ್ಲುವವನು ಯಾರು ಅಂತ ಮೊದಲೇ ಗೊತ್ತಿರುವಾಗ ನಿಯಮ ಕಟ್ಟಿಕೊಂಡು ಏನಾಗಬೇಕು?

"ನಿಮ್ಮದೇ ಇಟ್ಕೊ, ಬಡಮನೆ ನಿಯಮ" ಅಂದ ಗತ್ತಿನಿಂದ, ಇಡೀ ಸಭೆಗೆ ಕೇಳಿಸುವ ಹಾಗೆ.

"ಹಾಗಾದ್ರೆ ಮೂರೇ ನಿಯಮ. ಒಂದು, ಕಡಿಯದೆ ಒಳಗಿನ ಮನೆ ಇಲ್ಲ. ಎರಡು, ಕಾಯಿ ಹೊರಡೋ ಕಟ್ಟೆ ಇದೆಯಲ್ಲ, ಅಲ್ಲಿ ಕೂತ ಕಾಯಿ ಮುಟ್ಟೋ ಹಾಗಿಲ್ಲ, ಹೊರಗೆ ಸಿಕ್ಕಿದ್ದು ಯಾರದಾದ್ರೂ ಸರಿ ಕಡಿಯೋದೇ. ಮೂರು, ಒಂದೇ ಸರದಿಯಲ್ಲಿ ಸಾಲಾಗಿ ಮೂರು ಚೌಕ ಬಿದ್ರೆ ಮೂರೂ ಸುಟ್ಟುಹೋದ ಹಾಗೆ. ಕಾಯಿ ನಡೆಸೋ ಹಾಗಿಲ್ಲ, ಸರದಿ ಎದುರಿನವರದು."

ಭರಮಯ್ಯ ಕೂತಲ್ಲಿಂದ ಛಂಗನೆ ಎದ್ದ. "ಆ ಮೂರನೇದು ಬೇಡ!"

"ಯಾಕೆ ಸ್ವಾಮಿ?"

"ಬೇಡ ಅಂದ್ರೆ ಬೇಡ!"

"ಬೇಡ ಅಂದ್ರೆ ಬಿಡೋಣ. ಆದ್ರೆ ಯಾವ ಊರಿನ ಕವಡೆ ಸಾಲಾಗಿ ಮೂರು ಸಲ ಚೌಕ ಬೀಳುತ್ತೆ ಹೇಳಿ?" ಅಂದಳು ಅಜ್ಜಿ, ಹಾಲು ಕುಡಿದ ಮಗುವಿನ ಮುಖ ಮಾಡಿಕೊಂಡು.

"ಹೌದಲ್ಲ" ಅಂದ ರಾಜ. "ಯಾವುದಯ್ಯ ಭರಮಯ್ಯ? ನಿನಗೇನು ಕಷ್ಟ?"

ಭರಮಯ್ಯ ಬಾಯಿ ತೆರೆದ, ಮುಚ್ಚಿದ, ತೆರೆದ. ನೀರಿನಿಂದ ತೆಗೆದ ಮೀನಿಗೆ ಮೀಸೆ ಅಂಟಿಸಿದ ಹಾಗಿತ್ತು. "ಏನೂ ಇಲ್ಲ ಬುದ್ಧಿ" ಅಂತ ಕೂತುಬಿಟ್ಟ.

ಆಟ ಶುರುವಾಯಿತು. ರಾಜ ಎಸೆದ. ದಪ್. ಚೌಕ! ಚಪ್ಪಾಳೆ. ಎಸೆದ. ದಪ್. ಚೌಕ! ಇನ್ನೂ ದೊಡ್ಡ ಚಪ್ಪಾಳೆ. ಎಸೆದ. ದಪ್. ಚೌಕ! ಚಪ್ಪಾಳೆ ಅರ್ಧಕ್ಕೇ ನಿಂತಿತು.

"ಸುಟ್ಟುಹೋಯ್ತು ಬುದ್ಧಿ" ಅಂದಳು ಸಂಕವ್ವ.

ಅಜ್ಜಿಗೆ ಎರಡು ಬಿತ್ತು, ಎರಡು ಮನೆ ನಡೆದಳು. ರಾಜನಿಗೆ ಮತ್ತೆ ಚೌಕ, ಚೌಕ, ಚೌಕ. ಸುಟ್ಟುಹೋಯ್ತು. ಅಜ್ಜಿಗೆ ಮೂರು. ರಾಜನಿಗೆ ಚೌಕ, ಚೌಕ, ಚೌಕ. ಅಜ್ಜಿ ಸೆರಗಿನ ಗಂಟಿನಿಂದ ಬಿಚ್ಚಿ ಕಾಯಿ ಮಾಡಿಕೊಂಡಿದ್ದ ಬಳೆಚೂರುಗಳು ಹೊರಗಿನ ಸುತ್ತು ಆರಾಮಾಗಿ ಸುತ್ತಿ ಬಂದವು. ರಾಜನ ದಂತದ ಕಾಯಿಗಳು ಹೊಸ ಮದುಮಗಳ ಹಾಗೆ ಮನೆ ಬಿಟ್ಟು ಹೊರಡಲೇ ಇಲ್ಲ.

ಆದರೆ ಅಜ್ಜಿಗೂ ಒಂದು ಕಷ್ಟ. ಕಟ್ಟೆಯಲ್ಲಿ ಕೂತ ಕಾಯಿ ಮುಟ್ಟುವ ಹಾಗಿಲ್ಲ, ಕಡಿಯದೆ ಒಳಗೆ ಹೋಗುವ ಹಾಗಿಲ್ಲ. ರಾಜನ ಕಾಯಿ ಹೊರಗೆ ಬರದಿದ್ದರೆ ಅವಳು ಮನೆಗೆ ಹೋಗುವುದು ಹೇಗೆ? ಅವಳು ಮೆಲ್ಲಗೆ ಅಂದಳು, "ಬುದ್ಧಿ, ನಮ್ಮನೆಯ ಎರಡು ವರ್ಷದ ಕೂಸು ಎಸೆದ್ರೂ ಒಂದೋ ಎರಡೋ ಬೀಳುತ್ತೆ."

ರಾಜನ ಮೂಗು ಕೆಂಪಗಾಯಿತು. ತನ್ನ ಕವಡೆಗಳನ್ನು ಎತ್ತಿ ಕಂಬಕ್ಕೆ ಅಪ್ಪಳಿಸಿದ. ಒಂದು ಒಡೆದು ಒಳಗಿನ ಅರಗು ನೆಲಕ್ಕೆ ಉದುರಿತು. ಸಭೆಯೆಲ್ಲ ಅರಗು ನೋಡಿತು, ಆಮೇಲೆ ಭರಮಯ್ಯನನ್ನು ನೋಡಿತು. ಭರಮಯ್ಯ ಸೂರು ನೋಡಿದ.

"ನಿನ್ನನ್ನು ಆಮೇಲೆ ವಿಚಾರಿಸ್ಕೋತೀನಿ ಭರಮಯ್ಯ" ಅಂತ ರಾಜ ಅಜ್ಜಿಯ ಕಡೆ ಕೈ ಚಾಚಿದ. "ನಿನ್ನ ಕವಡೆ ಕೊಡಿಲ್ಲಿ!"

ಟಕಟಕಟಕ. ಮೂರು ಬಿತ್ತು. ರಾಜನ ಕಾಯಿ ಹೊರಗೆ ಕಾಲಿಟ್ಟಿತು. ಹಿಂದೆ ಉಳಿದಿದ್ದ ಅಜ್ಜಿಯ ಒಂದು ಹಸಿರು ಬಳೆಚೂರು ಎರಡೇ ಮನೆ ದೂರದಲ್ಲಿತ್ತು. ಅಜ್ಜಿ ಕವಡೆ ಕುಲುಕಿ, ಊದಿ, ಎಸೆದಳು. ಎರಡು!

"ಕಡಿದೆ!"

ಸೇನಾಪತಿ ಕತ್ತಿಗೆ ಕೈ ಹಾಕಿದ. ರಾಜನಾಗಿ ಹುಟ್ಟಿದ ಮೇಲೆ ಇಲ್ಲಿಯವರೆಗೆ ಅವನ ಕಾಯಿ ಯಾರೂ ಕಡಿದಿರಲಿಲ್ಲ. ರಾಜ ಎದ್ದು ನಿಂತ.

"ಅನ್ಯಾಯ!" ಅಂತ ಕಿರುಚಿದ. "ಮೂರು ಮನೆ ಇತ್ತು, ಎರಡಲ್ಲ! ಎಣಿಸು! ನನ್ನ ಮುಂದೆ ಎಣಿಸು!"

"ಬನ್ನಿ ಬುದ್ಧಿ, ಬಗ್ಗಿ ನೋಡಿ. ಒಂದು, ಎರಡು. ಕಿರೀಟ ತೆಗೀರಿ, ಮನೆ ಕಾಣ್ತಿಲ್ಲ."

ರಾಜ ಕಿರೀಟ ತೆಗೆದು ಸೇನಾಪತಿಯ ತೊಡೆಯ ಮೇಲಿಟ್ಟ, ಕಚ್ಚೆ ಬಿಗಿದ, ನೆಲದ ಮೇಲೇ ಕೂತ. ಮುಂದಿನ ಎಸೆತಕ್ಕೆ ಅಜ್ಜಿಯ ಒಂದು ಕಾಯಿ ಕಡಿದ. ಕಡಿದು ಎದ್ದು ಎರಡು ಸುತ್ತು ಕುಣಿದ! ಅಜ್ಜಿ ಅವನ ಇನ್ನೊಂದು ಕಾಯಿ ಕಡಿದಳು. ರಾಜ ತೊಡೆ ತಟ್ಟಿ "ಬಿಡಲ್ಲ ಮುದುಕಿ" ಅಂದ. "ನೀನು ಬಿಟ್ರೂ ನಾನು ಬಿಡ್ತೀನಾ" ಅಂದಳು ಅಜ್ಜಿ. ಬಹುವಚನ ಯಾವಾಗ ಏಕವಚನ ಆಯಿತು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ರಾಜ ನಗುತ್ತಿದ್ದಾನೆ ಅನ್ನುವುದೂ ರಾಜನಿಗೆ ಗೊತ್ತಾಗಲಿಲ್ಲ. ಅವನ ಆ ನಗು ಒಳ್ಳೆ ಬಾಗಿಲು ಕಿರುಗುಟ್ಟಿದ ಹಾಗಿತ್ತು, ಎಣ್ಣೆ ಕಾಣದೆ ಬಹಳ ದಿನ ಆಗಿತ್ತಲ್ಲ.

ಕೊನೆಗೆ ಇಬ್ಬರಿಗೂ ಒಂದೊಂದೇ ಕಾಯಿ ಉಳಿಯಿತು. ರಾಜನಿಗೆ ಗೆಲ್ಲಲು ಎರಡು ಬೇಕು, ಮೂರು ಬಿತ್ತು. ಅಜ್ಜಿಗೆ ಒಂದು ಬೇಕು. ಅವಳು ಕಣ್ಣು ಮುಚ್ಚಿದಳು, ಮೊಮ್ಮಕ್ಕಳನ್ನು ನೆನೆದಳು, ಎಸೆದಳು. ಒಂದು ಕವಡೆ ಬಾಯಿ ಮೇಲೆ, ಮೂರು ಬೋರಲು. ಕಾಯಿ ಒಳಗಿನ ಮನೆ ಸೇರಿ ಹಣ್ಣಾಯಿತು.

"ಇನ್ನೊಂದಾಟ!" ಅಂದ ರಾಜ.

"ಮನೇಲಿ ಸೊಸೆ ಕಾಯ್ತಿರ್ತಾಳೆ ಬುದ್ಧಿ."

"ಹಾಗಾದರೆ ನಾನು ಯಾರ ಜೊತೆ ಆಡ್ಲಿ? ಇಲ್ಲಿ ಎಲ್ಲರೂ ಸೋಲ್ತಾರೆ!"

ಆಗ ಒಳಗಿನ ಪರದೆ ಸರಿಯಿತು. ಅದರ ಸಂದಿಯಿಂದ ಇಷ್ಟು ಹೊತ್ತೂ ಆಟ ನೋಡುತ್ತಿದ್ದ ರಾಣಿ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ಮೇಲಕ್ಕೆ ಏರಿಸಿ, ರಾಜನ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. "ಮದುವೆ ಆದಾಗಿನಿಂದ ಈ ಭರಮಯ್ಯನ ಮಾತು ಕೇಳಿ ಬೇಕಂತ ಸೋತಿದ್ದೀನಿ ರೀ. ಇಡಿ ನಿಮ್ಮ ಕಾಯಿ."

ಭರಮಯ್ಯನಿಗೆ ಶಿಕ್ಷೆ ಏನು ಗೊತ್ತೇ? ಉಳಿದ ಅರಗಿನ ಕವಡೆಗಳಿಗೆ ಅಂಥದ್ದೇ ಇನ್ನೊಂದು ಸೇರಿಸಿ ಅವನ ಕೈಗೇ ಕೊಟ್ಟರು. ಸಂಕವ್ವನ ಮನೆಯ ನಿಯಮದ ಪ್ರಕಾರ ಆಡಬೇಕು, ಒಂದು ಕಾಯಿ ಕಟ್ಟೆ ಬಿಟ್ಟು ಹೊರಟ ದಿನ ಅವನಿಗೆ ಬಿಡುಗಡೆ. ಪಾಪ, ಇನ್ನೂ ಎಸೆಯುತ್ತಲೇ ಇದ್ದಾನಂತೆ.

ಹುಣಸೆಹಣ್ಣಿನ ಬುಟ್ಟಿಗಳ ಜೊತೆ ಸಂಕವ್ವ ಮನೆಗೆ ಬಂದಳು. ಮಕ್ಕಳು ಬಂದು ಕಾಲಿಗೆ ಸುತ್ತಿಕೊಂಡವು. ಗಿರಿಜಿ ಕಣ್ಣು ಒರೆಸಿಕೊಂಡು, ಸೊಂಟದ ಮೇಲೆ ಕೈ ಇಟ್ಟು ಕೇಳಿದಳು, "ನಿಜ ಹೇಳಿ ಅತ್ತೆ, ರಾಜರ ಹತ್ತಿರಾನೂ ಎರಡಕ್ಕೆ ಮೂರು ಮನೆ ನಡೆಸಿದ್ರಾ?"

"ನನಗೆ ಕಣ್ಣು ಮಂಜು ಕಣೇ" ಅಂದಳು ಅಜ್ಜಿ.

ಗೋಡೆಯ ಈಚೆ ನಗು ಎದ್ದಿತು. ಆಚೆಯಿಂದ ರಾಜನ ದನಿ ಕೇಳಿಸಿತು: "ಅನ್ಯಾಯ ಕಣೇ! ಎಣಿಸು! ನನ್ನ ಮುಂದೆ ಎಣಿಸು!"

ನೀತಿ ಏನಪ್ಪಾ ಅಂದರೆ, ನಗುವನ್ನು ಕಿತ್ತುಕೊಂಡು ತಂದು ಇಟ್ಟುಕೊಳ್ಳಲು ಆಗುವುದಿಲ್ಲ. ಸೋಲಿಸುವ ಧೈರ್ಯ ಇರುವ ನಮ್ಮವರು ಎದುರಿಗೆ ಕೂತಾಗ ಮಾತ್ರ ಅದು ಬರುತ್ತದೆ. ಮೋಸದಿಂದ ಗೆಲ್ಲಿಸುವವನು ಗೆಳೆಯನಲ್ಲ. ಅವನ ಮಾತು ನಂಬಿದವನಿಗೆ ಗೆಲುವು ಸಿಗಬಹುದು, ಆಟ ಸಿಗುವುದಿಲ್ಲ.

ಕಥೆ ಮುಗಿಯಿತು, ಏಳಿ. ಕಾಲು ಜೋಮು ಹಿಡಿದವರು ಪಕ್ಕದವರ ಹೆಗಲು ಹಿಡಿದುಕೊಂಡು ಏಳಿ.