ಎಡಗಡೆ ಬರೆದದ್ದು

ಹೊಳೆಯ ಈಚೆ ದಡದಲ್ಲಿ ಊರು, ಊರಿನಲ್ಲಿ ಸರ್ಕಾರಿ ಕಚೇರಿ. ಆಚೆ ದಡದಲ್ಲಿ ಆಶ್ರಮ. ನಡುವೆ ಒಂದು ಹರಿಗೋಲು.

ಆಶ್ರಮದಲ್ಲಿ ವಾರಿಜಮ್ಮನವರಿದ್ದರು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದವರು. ಹುಡುಕಿಕೊಂಡು ಬಂದವರಿಗೆ ಅಲ್ಲಿಯೂ ಕಲಿಸುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ನಿರುಪಮಾ ಹರಿಗೋಲಿನಿಂದ ಇಳಿದು ಅವರ ಮುಂದೆ ನಿಂತಳು. ಒಡಿಶಾದವಳು, ಮದುವೆಯಾಗಿ ಈ ಊರಿಗೆ ಬಂದವಳು. ಗಂಡ ತೀರಿಕೊಂಡ ಮೇಲೆ ಅನುಕಂಪದ ನೇಮಕದಲ್ಲಿ ಅವನ ಕಚೇರಿಯಲ್ಲೇ ಗುಮಾಸ್ತೆಯ ಕೆಲಸ ಸಿಕ್ಕಿತ್ತು.

“ತಾವು ನನಗೆ ಕನ್ನಡ ಭಾಷೆಯನ್ನು ಬೋಧಿಸಬೇಕೆಂದು ವಿನಮ್ರವಾಗಿ ಕೋರುತ್ತೇನೆ.”

“ಬರುತ್ತದಲ್ಲ,” ಎಂದರು ವಾರಿಜಮ್ಮ.

“ಸರ್ಕಾರಿ ನೌಕರರ ಕನ್ನಡ ಪರೀಕ್ಷೆಯ ಲಿಖಿತದಲ್ಲಿ ಉತ್ತೀರ್ಣಳಾಗಿದ್ದೇನೆ. ಮೌಖಿಕದಲ್ಲಿ ಎರಡು ಬಾರಿ ಅನುತ್ತೀರ್ಣಳಾಗಿದ್ದೇನೆ. ಪ್ರೇಕ್ಷಣೀಯ ಸ್ಥಳಗಳ ಬಗ್ಗೆ ಎರಡು ಪುಟ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು, ಬೆಳಿಗ್ಗೆ ಏನು ತಿಂಡಿ ಅಂದರು. ಅದು ಪುಸ್ತಕದಲ್ಲಿ ಇರಲಿಲ್ಲ.”

“ಇನ್ನು ಎಷ್ಟು ದಿನವಿದೆ?”

“ಇವತ್ತಿಗೆ ಇಪ್ಪತ್ತನೆಯ ದಿನ, ಗುರುವಾರ. ಅಲ್ಲಿಯವರೆಗೆ ರಜೆ ಪಡೆದು ಇಲ್ಲಿಯೇ ತಂಗಲು ಬಂದಿದ್ದೇನೆ. ಕೊನೆಯ ಅವಕಾಶ. ಅದೂ ಹೋದರೆ ಕೆಲಸವೂ ಹೋಗುತ್ತದೆ. ನನಗೆ ತವರಿನಲ್ಲಿ ಓದುವ ಮಗಳಿದ್ದಾಳೆ.”

“ಗಂಡ ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದ?”

“ಅವರು ನನ್ನ ಭಾಷೆಯನ್ನು ಕಲಿತರು.” ನಿರುಪಮಾ ನೆಲ ನೋಡಿದಳು. “ನಾನು ಅವರದನ್ನು ಕಲಿಯಲಿಲ್ಲ.”

“ಕಚೇರಿಯಲ್ಲಿ ಜನ ಬಂದರೆ ಏನು ಮಾಡುತ್ತೀ?”

“ಅಟೆಂಡರ್ ಪುಟ್ಟಮಾದಯ್ಯನವರಿದ್ದಾರೆ. ಮೊದಲು ಸೇನೆಯಲ್ಲಿದ್ದವರು. ಜನರ ಮಾತನ್ನು ನನಗೆ ಹಿಂದಿಯಲ್ಲಿ ಹೇಳುತ್ತಾರೆ.”

ಅವಳು ಹೆಮ್ಮೆಯಿಂದ ಚೀಲದಿಂದ ಒಂದು ನೋಟ್ ಪುಸ್ತಕ ತೆಗೆದಳು. ಪ್ರತಿ ಪುಟದ ನಡುವೆ ಒಂದು ಗೆರೆ. ಎಡಗಡೆ, ಜನ ಆಡಿದ ಮಾತು, ಕಿವಿಗೆ ಬಿದ್ದಂತೆಯೇ ಅವಳ ಒಡಿಯಾ ಲಿಪಿಯಲ್ಲಿ. ಬಲಗಡೆ, ಪುಟ್ಟಮಾದಯ್ಯ ಹೇಳಿದ ಅರ್ಥ. ಮೇಲೆ ತಾರೀಕು. ಒಟ್ಟು ಇಪ್ಪತ್ತು ಪುಟ.

“ಜನರಿಗೆ ನನ್ನ ಮೇಲೆ ಬಹಳ ಅಭಿಮಾನ,” ಎಂದಳು.

“ಎಡಗಡೆಯದನ್ನು ಓದು.”

ನಿರುಪಮಾ ಓದಿದಳು. ಅಡುಗೆಮನೆಯ ಬಾಗಿಲಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಕೆಂಪಾಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ವಾರಿಜಮ್ಮ ನಗಲಿಲ್ಲ. “ಅರ್ಥ?”

“ಮೇಡಂ ಬಂದ ಮೇಲೆ ಕಚೇರಿಗೆ ಕಳೆ ಬಂದಿದೆ, ಎಂದು.”

“ಸರಿ. ದಿನಕ್ಕೊಂದು ಪುಟ. ಎಡಗಡೆ ಮಾತ್ರ. ಗಟ್ಟಿಯಾಗಿ ಓದು. ಮುಂದಿನ ಪುಟ ಮುಟ್ಟಬೇಡ.”

“ಮತ್ತೆ ಪಾಠ?”

“ಕೆಂಪಾಜಮ್ಮನ ಹತ್ತಿರ ಹೋಗಿ ಕೂತುಕೋ. ತರಕಾರಿ ಬಹಳ ಇದೆ.”

ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ದಿನ ನಿರುಪಮಾ ತಡೆಯಲಾರದೆ ಕೇಳಿದಳು. “ವಿಭಕ್ತಿ ಪ್ರತ್ಯಯಗಳನ್ನು ಯಾವಾಗ ಬೋಧಿಸುವಿರಿ?”

“ಹುರುಳಿಕಾಯಿ ನಾರು ಸರಿಯಾಗಿ ತೆಗೆದೆಯಾ?”

ಆರನೆಯ ದಿನ ಮತ್ತೆ ಕೇಳಿದಳು. “ಮಾದರಿ ಪ್ರಶ್ನೋತ್ತರಗಳನ್ನಾದರೂ ಹೇಳಿಕೊಡಿ.”

“ಬೆಳಿಗ್ಗೆ ಏನು ತಿಂಡಿ?”

“ಉಪ್ಪಿಟ್ಟು.”

“ಹೇಳಿಕೊಟ್ಟಾಯಿತಲ್ಲ,” ಎಂದು ವಾರಿಜಮ್ಮ ಎದ್ದು ಹೋದರು.

ನಿರುಪಮಾ ಹಲ್ಲು ಕಚ್ಚಿ ಕುಂಬಳಕಾಯಿ ಹೆಚ್ಚಿದಳು. ರಜೆಯ ದಿನಗಳು ಒಂದೊಂದೇ ಕರಗುತ್ತಿದ್ದವು. ಪಕ್ಕದಲ್ಲಿ ಕೆಂಪಾಜಮ್ಮ ತನ್ನ ಸೊಸೆ, ಸೊಂಟನೋವು, ಸೊಸೈಟಿ ಅಕ್ಕಿ, ಹರಿಗೋಲಿನವನ ಕುಡಿತ ಎಲ್ಲವನ್ನೂ ಬೆಳಗಿಂದ ಸಂಜೆಯವರೆಗೆ ಹೇಳುತ್ತಲೇ ಇದ್ದಳು.

ಒಂಬತ್ತನೆಯ ದಿನ ನಿರುಪಮಾ ಒಂಬತ್ತನೆಯ ಪುಟ ಓದುತ್ತಿದ್ದಳು.

“ಈವಮ್ಮನ ಕೈಗೆ ಅರ್ಜಿ ಕೊಡೋದೂ ಒಂದೇ, ಹೊಳೇಗೆ ಬಿಡೋದೂ...”

ಅವಳ ನಾಲಿಗೆ ಅಲ್ಲಿಯೇ ನಿಂತಿತು. ಬಲಗಡೆ ನೋಡಿದಳು. ‘ಮೇಡಂ ಕೆಲಸ ಹೊಳೆ ನೀರಿನಂತೆ ಸರಾಗ’ ಎಂದಿತ್ತು.

“ಅಮ್ಮ! ಇದು ಹೊಗಳಿಕೆ ಅಲ್ಲ!”

“ಹೌದೇ?”

ಅವಳು ಹಿಂದಿನ ಪುಟಗಳನ್ನು ಸರಸರನೆ ತಿರುವಿದಳು. ಒಂದೊಂದು ಸಾಲಿಗೂ ಮುಖ ಕೆಂಪಾಯಿತು. “ಒಂದೂ ಅಲ್ಲ! ನಿಮಗೆ ಮೊದಲ ದಿನವೇ ಗೊತ್ತಿತ್ತು!”

“ಕೆಂಪಾಜಮ್ಮನಿಗೂ ಗೊತ್ತಿತ್ತು.”

“ಹಾಗಾದರೆ ನನಗೇಕೆ ಹೇಳಲಿಲ್ಲ?”

“ಜನ ಅಂದದ್ದನ್ನು ಹೇಳುವುದಕ್ಕೆ ನಿನಗೆ ಒಬ್ಬನಿದ್ದನಲ್ಲ. ಇನ್ನೊಬ್ಬಳು ಬೇಕಾಗಿತ್ತೇ?”

“ಪುಟ್ಟಮಾದಯ್ಯನ ಮೇಲೆ ದೂರು ಬರೆಯುತ್ತೇನೆ.”

“ಬರೆ. ಅವನು ಹೀಗೆ ಹೇಳತೊಡಗುವ ಮೊದಲು ಏನಾಗಿತ್ತು ಅನ್ನುವುದನ್ನೂ ಬರೆ.”

ನಿರುಪಮಾ ಪುಸ್ತಕ ಮುಚ್ಚಿದಳು. “ಮೊದಲ ದಿನ ಒಬ್ಬ ಮುದುಕರು ಕೂಗಾಡಿದರು. ನಾನು ಎಲ್ಲರ ಮುಂದೆ ಅತ್ತುಬಿಟ್ಟೆ. ಪುಟ್ಟಮಾದಯ್ಯ ನೀರು ತಂದುಕೊಟ್ಟರು.”

“ಆಮೇಲೆ ಯಾರೂ ಕೂಗಾಡಲಿಲ್ಲವೇ?”

ಅವಳು ಪುಸ್ತಕವನ್ನು ಒಲೆಯ ಪಕ್ಕದ ಸೌದೆಯ ಮೇಲೆ ಎಸೆದಳು. ವಾರಿಜಮ್ಮ ಅದನ್ನು ಎತ್ತಿ, ಬೂದಿ ಒರೆಸಿ, ಅವಳ ಮಡಿಲಲ್ಲಿಟ್ಟರು.

“ನಾಳೆ ಹತ್ತನೆಯ ಪುಟ,” ಎಂದರು.

ಅಲ್ಲಿಂದ ಮುಂದೆ ಕೆಂಪಾಜಮ್ಮನೇ ದಿನಾ ಕೇಳತೊಡಗಿದಳು. “ಇವತ್ತು ಯಾರವ್ವ ಬೈದಿರೋದು?”

“ಪೆನ್ಷನ್ ತಾತ.”

“ಚೆನ್ನಾಗಿ ಬೈದವ್ನಾ?”

“ಬೋ ಚೆನ್ನಾಗಿ. ನಮ್ಮೂರಲ್ಲೂ ಹಿಂಗೆ ಬೈಯಲ್ಲ.”

ಕೆಂಪಾಜಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿರುಪಮಾ ಮಾತ್ರ ಸಂಜೆ ವಾರಿಜಮ್ಮನವರ ಹತ್ತಿರ ಹೋಗಿ, “ಇಂದಿಗೂ ತಾವು ಏನನ್ನೂ ಬೋಧಿಸಲಿಲ್ಲ,” ಎಂದು ಗೊಣಗಿದಳು.

ಇಪ್ಪತ್ತನೆಯ ದಿನ ಬಂತು. ಜಿಲ್ಲೆಯ ಊರಿನಲ್ಲಿ ಹನ್ನೆರಡು ಗಂಟೆಗೆ ಪರೀಕ್ಷೆ. ಊರಿನ ದಡದಿಂದ ಹತ್ತು ಗಂಟೆಗೆ ಬಸ್ಸು. ಅದು ತಪ್ಪಿದರೆ ಮಧ್ಯಾಹ್ನದವರೆಗೆ ಇನ್ನೊಂದಿಲ್ಲ.

ನಿರುಪಮಾ ಚೀಲ ಹಿಡಿದು ದಡದಲ್ಲಿ ಕಾಯುತ್ತಿದ್ದಳು. ವಾರಿಜಮ್ಮ ಬಂದು ಪಕ್ಕದ ಕಲ್ಲಿನ ಮೇಲೆ ಕುಳಿತರು.

“ಇನ್ನೊಂದು ಪುಟ ಉಳಿದಿದೆ.”

“ಇವತ್ತೂನಾ ಅಮ್ಮ?”

“ಹರಿಗೋಲು ಇನ್ನೂ ಆಚೆ ಇದೆ.”

ಅದು ರಜೆಗೆ ಹಿಂದಿನ ದಿನ ಬರೆದ ಪುಟ. ಸಣ್ಣತಾಯಮ್ಮ ಎಂಬ ಹೆಂಗಸಿನದು. ನಿರುಪಮಾ ಬೇಸರದಿಂದಲೇ ಓದತೊಡಗಿದಳು.

“ಅವ್ವಾ, ನೀನ್ ಕೇಳ್ತಿರೋ ಕಾಗ್ದ ಹೋದ್ ತಿಂಗ್ಳೇ ಕೊಟ್ಟಿವ್ನಿ. ನೀನೇ ಮುದ್ರೆ ಒತ್ತಿ ಖಾನೇಲಿ ಮಡಿಕ್ಕಂಡೆ. ಐದ್ನೇ ಸಲ ಬತ್ತಾವ್ನಿ. ಇಪ್ಪತ್ತೊಂದ್ನೇ ತಾರೀಕು, ಗುರ್ವಾರ, ಸಂಜೆ ಒಳ್ಗೆ ಜಾತಿ ಸರ್ಟಿಫಿಕೇಟ್ ಕೊಡ್ದಿದ್ರೆ ನನ್ ಮಗ್ಳ ನರ್ಸಿಂಗ್ ಸೀಟು ಹೋಯ್ತದೆ. ಅವತ್ತು ನಿನ್ ಬಾಗ್ಲಲ್ಲೇ ಬಂದು ಕೂತ್ಕೋತೀನಿ...”

ಬಲಗಡೆ ಒಂದೇ ಸಾಲಿತ್ತು. ‘ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆಯಂತೆ, ಸಂತೋಷ ಹೇಳಿಕೊಳ್ಳುತ್ತಿದ್ದಾಳೆ.’

“ಇವತ್ತು ಗುರುವಾರ,” ಎಂದಳು ನಿರುಪಮಾ. ಆಮೇಲೆ ಮೆಲ್ಲಗೆ, “ಅಮ್ಮ, ನಾನು ಅವಳಿಗೆ ಅಭಿನಂದನೆಗಳು ಅಂದೆ. ಕೈ ಹಿಡಿದು ನಗ್ತಾ ಅಂದೆ.”

ವಾರಿಜಮ್ಮನವರ ಮುಖವೂ ಬಿಗಿದುಕೊಂಡಿತು. ಅವರಿಗೂ ಈ ಪುಟ ಹೊಸದು. “ಬೇರೆ ಯಾರಾದರೂ ಕೊಡಬಹುದೇ?”

“ಇಲ್ಲ. ಆ ಅರ್ಜಿ ನನ್ನ ಹೆಸರಲ್ಲಿದೆ. ಕಂಪ್ಯೂಟರಿಗೆ ನನ್ನ ಹೆಬ್ಬೆಟ್ಟೇ ಬೇಕು.” ಅವಳು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. “ಕಚೇರಿ ತೆಗೆಯೋದು ಹತ್ತಕ್ಕೆ.”

ಹರಿಗೋಲು ಬಂದು ದಡಕ್ಕೆ ತಾಗಿತು. ಊರಿನ ದಡದಲ್ಲಿ ಇಳಿದರೆ ಬಲಕ್ಕೆ ಬಸ್ ನಿಲ್ದಾಣ, ಎಡಕ್ಕೆ ಕಚೇರಿ.

“ಏನ್ ಮಾಡ್ಲಿ ಅಮ್ಮ?”

ವಾರಿಜಮ್ಮ ಅಲುಗಾಡುತ್ತಿದ್ದ ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

ನಿರುಪಮಾ ಹತ್ತಿ ಕುಳಿತಳು. ಪರೀಕ್ಷೆಯ ಪ್ರವೇಶಪತ್ರವನ್ನು ಮಡಿಸಿ ನೋಟ್ ಪುಸ್ತಕದ ಕೊನೆಯ ಪುಟದಲ್ಲಿಟ್ಟಳು.

“ಎಡಗಡೆಗೇ ಹೋಗ್ತೀನಿ,” ಎಂದಳು. ಅವಳ ಕಣ್ಣು ತುಂಬಿತ್ತು, ಸಿಟ್ಟೂ ಉಕ್ಕುತ್ತಿತ್ತು. “ಬಾಗ್ಲಲ್ಲಿ ಕೂತಿರ್ತಾಳೆ. ಅವಳ ಮುಖ ಹೆಂಗ್ ನೋಡ್ಲಿ? ಇಪ್ಪತ್ ದಿನ ಬರೀ ತರಕಾರಿ ಹೆಚ್ಚಿಸಿದ್ರಿ! ಅವಳಿಗೆ ಹೇಳೋಕೆ ಒಂದೇ ಒಂದು ಮಾತಾದ್ರೂ ಕಲಿಸಿ ಕಳಿಸ್ರಮ್ಮ!”

ವಾರಿಜಮ್ಮ ಹರಿಗೋಲನ್ನು ನೀರಿಗೆ ನೂಕಿದರು.

“ಮೊದಲು ಅವಳು ಹೇಳಿ ಮುಗಿಸಲಿ.”