ದಕ್ಷಿಣದ ಗೋಡೆ

ಹೊಳೆದಂಡೆಯ ಬಸದಿಯ ದಕ್ಷಿಣದ ಗೋಡೆಯನ್ನು ಕಟ್ಟಿದ ದಿನದಿಂದ ಯಾರೂ ಮುಟ್ಟಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಪುಸ್ತಕ ಬರೆದವರು ನಂಬಿದ್ದರು, ಅವರ ಪುಸ್ತಕ ಓದಿದವರು ನಂಬಿದ್ದರು, ಬಾಗಿಲಲ್ಲಿ ನೆಟ್ಟ ಫಲಕವೂ ಅದನ್ನೇ ಹೇಳುತ್ತಿತ್ತು.

ಉತ್ತರದ ಗೋಡೆಯ ಬಗ್ಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಯಾವನೋ ಅದಕ್ಕೆ ಮೇಲಿಂದ ಕೆಳಗಿನವರೆಗೆ ಸಿಮೆಂಟು ಮೆತ್ತಿದ್ದ.

ಸಿದರಾಯಪ್ಪ ಮಾಸ್ತರರು ಹಳೆಯ ಕಟ್ಟಡಗಳನ್ನು ಉಳಿಸುವ ವಿದ್ಯೆ ಕಲಿಸುತ್ತಿದ್ದರು. ಅವರ ಕೈಕೆಳಗೆ ಪಿಎಚ್‌ಡಿ ಮಾಡಲು ಬಂದವರಿಗೆ ಒಬ್ಬೊಬ್ಬರಿಗೆ ಒಂದೊಂದು ಗೋಡೆ. ತನ್ನ ಗೋಡೆಯಲ್ಲಿ ಕಂಡದ್ದನ್ನು ಮಾಸ್ತರರಿಗೆ ಮಾತ್ರ ಹೇಳಬೇಕು, ಜೊತೆಯವರಿಗೆ ಹೇಳಕೂಡದು. ಒಬ್ಬ ಕಂಡದ್ದನ್ನು ಕೇಳಿದರೆ ಇನ್ನೊಬ್ಬನಿಗೂ ಅದೇ ಕಾಣತೊಡಗುತ್ತದೆ ಎಂಬುದು ಅವರ ಅನುಭವ.

ಆ ವರ್ಷ ದಕ್ಷಿಣದ ಗೋಡೆ ನೀಲಾಂಬಿಕೆಗೆ ಹೋಯಿತು. ಕಲ್ಲಿನಾಥನಿಗೆ ಸಿಮೆಂಟು ಸಿಕ್ಕಿತು.

ನೋಡಲು ಬಂದವರು ನೀಲಾಂಬಿಕೆಯ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಕಲ್ಲಿನಾಥನನ್ನು ಚಪ್ಪಲಿ ಎಲ್ಲಿ ಬಿಡಬೇಕು ಎಂದು ಕೇಳಿದರು.

ಮಾಸ್ತರರು ಅವಳ ಗೋಡೆಯ ಹತ್ತಿರ ಇಪ್ಪತ್ತು ನಿಮಿಷ ನಿಲ್ಲುತ್ತಿದ್ದರು, ಇವನ ಗೋಡೆಯ ಹತ್ತಿರ ನಾಲ್ಕು. ಕಲ್ಲಿನಾಥ ಗಡಿಯಾರ ನೋಡಿ ಬರೆದಿಟ್ಟಿದ್ದ. ಎಷ್ಟೆಂದರೂ ಸಂಶೋಧಕ.

ಮೂರನೆಯ ತಿಂಗಳು ಅವನು ಮಾಸ್ತರರ ಮುಂದೆ ಹೋಗಿ ನಿಂತ.

"ಸರ್, ಗೋಡಿ ಬದಲಿ ಮಾಡಿ ಕೊಡ್ರಿ."

"ಯಾಕ?"

"ಈ ಗೋಡ್ಯಾಗ ಪ್ರಬಂಧ ಇಲ್ರಿ. ಬರೇ ಸಿಮೆಂಟ ಐತಿ."

"ಅದರ ಹಿಂದ?"

"ಹಿಂದಕ ಹೋಗೂದ್ರಾಗ ನಾ ಮುದುಕ ಆಗಿರ್ತೀನ್ರಿ. ಆಕಿ ಆಗಲೇ ಅರ್ಧ ಗೋಡಿ ಬರದ ಮುಗಿಸ್ಯಾಳ."

ಮಾಸ್ತರರು ನೀಲಾಂಬಿಕೆಯನ್ನು ಕರೆಸಿದರು.

"ಇವಗ ನಿನ್ನ ಗೋಡಿ ಬೇಕಂತ. ಏನಂತಿ?"

ಅವಳು ಮಾಸ್ತರರ ಮುಖ ನೋಡಿದಳು. ಮಾಸ್ತರರು ಹೊಳೆ ನೋಡಿದರು.

"ಕಲ್ಲಿನಾಥ, ಇನ್ನೊಮ್ಮೆ ನನ್ನ ಗೋಡಿ ಹತ್ರ ಹೋಗಿ ಸರಿಯಾಗಿ ನೋಡಿ ಬಾ," ಎಂದಳು. "ಆಮ್ಯಾಲ ಕೇಳು."

"ಬಿಡಾಕ ಮನಸಿಲ್ಲ ಅಂತ ನೇರ ಹೇಳು."

"ಹಂಗಲ್ಲೋ. ಆತು, ತಗೋ."

ಅವಳು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ಅವನ ಹೊಟ್ಟೆಯನ್ನು ಇನ್ನಷ್ಟು ಉರಿಸಿತು. ಹಠ ಹಿಡಿದಿದ್ದರೆ ಗೆದ್ದ ಸುಖವಾದರೂ ಸಿಗುತ್ತಿತ್ತು.

ಐದು ತಿಂಗಳು ಕಲ್ಲಿನಾಥ ದಕ್ಷಿಣದ ಗೋಡೆಯನ್ನು ಕಲ್ಲು ಕಲ್ಲಾಗಿ ಅಳೆದ. ಸಂದುಗಳೆಲ್ಲ ಒಂದೇ ಅಳತೆ. ಎಲ್ಲೂ ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದನ್ನು ಅವನು ಪ್ರಾಚೀನ ಶಿಲ್ಪಿಗಳ ಶಿಸ್ತು ಎಂದು ಬರೆದ. ಎಂಟುನೂರು ವರ್ಷ ಕದಲದೆ ನಿಂತ ಗೋಡೆ ಎಂದು ಅಧ್ಯಾಯ ಮುಗಿಸಿದ. ಮುಂದಿನ ತಿಂಗಳು ಅದನ್ನು ವಿಭಾಗದವರೆಲ್ಲರ ಮುಂದೆ ಓದಬೇಕಿತ್ತು.

ಆಮೇಲೆ ಒಂದು ಬೆಳಿಗ್ಗೆ ಮಾಸ್ತರರು ಉತ್ತರದ ಗೋಡೆಯ ಮುಂದೆ ನೆಲದ ಮೇಲೆ ಕುಳಿತವರು ಮಧ್ಯಾಹ್ನವಾದರೂ ಏಳಲಿಲ್ಲ. ಅವರು ಊಟಕ್ಕೆ ಹೋದ ಮೇಲೆ ಕಲ್ಲಿನಾಥ ಹೋಗಿ ಇಣುಕಿದ.

ನೀಲಾಂಬಿಕೆ ಸಿಮೆಂಟು ಬಿಡಿಸಿದ ಕಡೆಯಲ್ಲೆಲ್ಲ ಕಲ್ಲಿನ ಮೇಲೆ ಗುರುತುಗಳಿದ್ದವು: ಮೀನು, ಬಾಚಿ, ಅರ್ಧಚಂದ್ರ. ಒಬ್ಬೊಬ್ಬ ಕಲ್ಲುಕುಟಿಗ ತಾನು ಕಡಿದ ಕಲ್ಲಿಗೆ ಹಾಕಿಟ್ಟ ಗುರುತು. ಅಂಥವನ್ನು ಅವನು ಪುಸ್ತಕಗಳಲ್ಲಿ ಮಾತ್ರ ನೋಡಿದ್ದ. ದಕ್ಷಿಣದ ಗೋಡೆಯಲ್ಲಿ ಅಂಥದೊಂದೂ ಇರಲಿಲ್ಲ.

ಸಂಜೆ ಅವನು ಬರೆದ ಅಧ್ಯಾಯ ಹಿಡಿದುಕೊಂಡು ಮಾಸ್ತರರ ಹತ್ತಿರ ಹೋದ. ಅವರು ಓದುತ್ತಿರುವಾಗಲೇ ಬಾಯಿ ಬಿಟ್ಟ.

"ಸರ್, ಉತ್ತರದ ಗೋಡಿ ಮೊದಲ ನಂದಿತ್ರಿ."

"ಹೌದು."

"ಹಿಂದ ಏನೈತಿ ಅನ್ನೂದು ನಿಮಗ ಗೊತ್ತಿತ್ತೇನ್ರಿ?"

"ಇರಬಹುದು ಅನಿಸಿತ್ತು. ಅದಕ್ಕ ನಿನಗ ಕೊಟ್ಟೆ. ಉಳಿ ಹಿಡಿಯೂದ್ರಾಗ ನಿನ್ನ ಕೈ ಎಲ್ಲಾರಕಿಂತ ಹಗುರ."

ಎಂಟು ತಿಂಗಳಿಂದ ಕಾಯುತ್ತಿದ್ದ ಮಾತು ಇದೇ ಎಂದು ತಿಳಿಯಲು ಕಲ್ಲಿನಾಥನಿಗೆ ತುಸು ಹೊತ್ತು ಹಿಡಿಯಿತು. ತಿಳಿದ ಮೇಲೂ ಅವನಿಗೆ ಅವಳೇ ನೆನಪಾದಳು.

"ಮತ್ತ ಆಕಿಗ್ಯಾಕ ಒಳ್ಳೇ ಗೋಡಿ ಕೊಟ್ರಿ?"

"ಯಾವುದು ಒಳ್ಳೇದು?"

"ದಕ್ಷಿಣದ್ದು. ಯಾರೂ ಮುಟ್ಟದ್ದು."

ಮಾಸ್ತರರು ಅಧ್ಯಾಯವನ್ನು ಮಡಚಿ ಅವನ ಕೈಗೆ ಕೊಟ್ಟರು.

"ಅದು ನಾ ನಿನ್ನ ವಯಸ್ಸಿನಾಂವ ಇದ್ದಾಗ ಹೊಳಿಗೆ ನೆರಿ ಬಂದು ಬಿದ್ದಿತ್ತು. ನಾನೂ ಇಬ್ಬರು ಗೌಂಡಿಗಳೂ ಕೂಡಿ ಹೊಸಾ ಕಲ್ಲು ತಂದು ಕಟ್ಟಿದ್ವಿ."