ನೇಯುವ ಹುಡುಗಿ ಎರಡು ಹೆಸರಿಗೆ ಓಗೊಟ್ಟಿದ್ದು

ಸಮುದ್ರದ ನೀರಿಗೆ ಇನ್ನೂ ಉಪ್ಪು ಹಿಡಿದಿರಲಿಲ್ಲ. ನಕ್ಷತ್ರಗಳು ಆಗಷ್ಟೇ ಆಕಾಶಕ್ಕೆ ಬಂದು ಕೂತಿದ್ದವು. ಹೆಸರು ಹಿಡಿದು ಕರೆದರೆ ಓ ಎನ್ನುತ್ತಿದ್ದವು.

ಆಗ ಚೀನಾ ದೇಶದ ಕಡಲ ದಂಡೆಯಲ್ಲಿ ಲಿಯಾನ್ ಎಂಬ ತಾಯಿ ರೇಷ್ಮೆ ನೇಯುತ್ತಿದ್ದಳು. ಬೆಳ್ಳಗೆ ಹೊಳೆಯುವ ಒಂದು ನಕ್ಷತ್ರಕ್ಕೆ ಅವಳೂರಿನವರು ‘ನೇಯುವ ಹುಡುಗಿ’ ಎಂದು ಹೆಸರಿಟ್ಟಿದ್ದರು. ಲಿಯಾನಳ ಮಗಳು ಸುಯಿನ್ ಮೀನು ಹಿಡಿಯಲು ಹೋದರೆ, ಸಂಜೆ ದೋಣಿಯಿಂದಲೇ ಆ ನಕ್ಷತ್ರವನ್ನು ಕೂಗುತ್ತಿದ್ದಳು. ಅದು ಓ ಎಂದು ಬೆಳಗಿ ದಡ ತೋರಿಸುತ್ತಿತ್ತು.

ಒಂದು ಸಂಜೆ ಸುಯಿನ್ ಬರಲಿಲ್ಲ.

ಬಿರುಗಾಳಿಗೆ ಅವಳ ದೋಣಿ ಒಡೆದಿತ್ತು. ಪಡುವಣ ದೇಶದ ನಿಕಾನೋರ್ ಎಂಬ ಮುದುಕ ನಾವಿಕ ಅವಳನ್ನು ನೀರಿನಿಂದೆತ್ತಿ ತನ್ನ ಹಡಗಿನಲ್ಲಿ ಮಲಗಿಸಿದ್ದ. ಅವಳಿಗೆ ಎಚ್ಚರವಿರಲಿಲ್ಲ. ಅವನಿಗೆ ದಡ ಎಲ್ಲಿದೆಯೋ ಗೊತ್ತಿರಲಿಲ್ಲ. ಮುಂದೆಲ್ಲೋ ಬಂಡೆಗೆ ಅಲೆ ಬಡಿಯುವ ಸದ್ದು ಕೇಳುತ್ತಿತ್ತು.

“ವೀಣೆ! ವೀಣೆ! ದಡ ತೋರಿಸಮ್ಮಾ!” ಎಂದು ಅವನು ಕೂಗಿದ. ಅವನ ನಾಡಿನವರು ಆ ನೇಯುವ ಹುಡುಗಿ ನಕ್ಷತ್ರವನ್ನೂ ಪಕ್ಕದ ಚಿಕ್ಕ ನಕ್ಷತ್ರಗಳನ್ನೂ ಸೇರಿಸಿ ವೀಣೆ ಎನ್ನುತ್ತಿದ್ದರು.

ನಕ್ಷತ್ರಕ್ಕೆ ಕೇಳಿಸಿತು. ಆದರೆ ಅದು ಓ ಎನ್ನಲಿಲ್ಲ.

“ಬೇರೆ ಹೆಸರಿಗೆ ಓಗೊಟ್ಟರೆ ನನ್ನ ಹೆಸರು ಹೋಗಿಬಿಟ್ಟರೆ?” ಎಂದು ಗಾಳಿಯನ್ನು ಕೇಳಿತು.

“ಬೇಗ ಓ ಅನ್ನು, ಮೋಡ ಬರ್ತಿದೆ” ಎಂದಿತು ಗಾಳಿ.

“ಹೋಗಿಬಿಟ್ಟರೆ?”

“ಅಯ್ಯೋ, ಬಂಡೆ ಹತ್ತಿರವಾಯಿತು!”

ಅಷ್ಟರಲ್ಲಿ ದಡದಿಂದ ಲಿಯಾನಳ ದನಿ ಕೇಳಿತು. ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. “ನೇಯುವ ಹುಡುಗೀ, ನನ್ನ ಮಗಳನ್ನು ಕಂಡೆಯಾ?”

“ಕಂಡೆ ಅಮ್ಮಾ, ಆ ಹಡಗಿನಲ್ಲಿದ್ದಾಳೆ. ಆದರೆ ನಾವಿಕ ನನ್ನನ್ನು ವೀಣೆ ಅಂತಾನೆ. ಓ ಅಂದರೆ ಆಮೇಲೆ ನಾನು ಯಾರು?”

“ಮೊದಲು ಓ ಅನ್ನು, ತಾಯಿ! ನಿನ್ನ ಹೆಸರನ್ನು ನಾನು ಕಾಯ್ತೀನಿ. ನನ್ನ ಮಗಳನ್ನು ನೀನು ಕಾಯಿ!”

“ಓ!”

ನಕ್ಷತ್ರ ನಡುಗುತ್ತಲೇ ಬೆಳಗಿತು. ಹಡಗು ಬಂಡೆಯ ಮಗ್ಗುಲಲ್ಲೇ ಹೊರಳಿ ದಡಕ್ಕೆ ಬಂತು. ಸುಯಿನ್ ಕಣ್ಣು ಬಿಟ್ಟಾಗ ತಾಯಿಯ ಮಡಿಲಲ್ಲಿದ್ದಳು.

ಲಿಯಾನ್ ಕೊಟ್ಟ ಮಾತು ಮರೆಯಲಿಲ್ಲ. ರೇಷ್ಮೆಯಲ್ಲಿ ಇಡೀ ಆಕಾಶವನ್ನೇ ನೇಯ್ದಳು. ನಿಕಾನೋರ್ ಮರಳಿನ ಮೇಲೆ ಬರೆದು ತೋರಿಸಿದಂತೆಯೇ ವೀಣೆಯ ಗೆರೆ ಎಳೆದಳು. ಅದರೊಳಗಿನ ಬೆಳ್ಳನೆಯ ಚುಕ್ಕೆಯ ಪಕ್ಕ ಮಾತ್ರ ತನ್ನ ನಾಡಿನ ಅಕ್ಷರಗಳಲ್ಲಿ ‘ನೇಯುವ ಹುಡುಗಿ’ ಎಂದು ಬರೆದಳು.

ಅದಕ್ಕೇ ಪುಟ್ಟಾ, ಇವತ್ತಿಗೂ ಚೀನಾದವರ ನಕ್ಷತ್ರಪಟದಲ್ಲಿ ಆ ನಕ್ಷತ್ರಗಳ ಗುಂಪಿಗೆ ಪಡುವಣದವರ ವೀಣೆಯ ಹೆಸರು, ಒಳಗಿನ ನಕ್ಷತ್ರಕ್ಕೆ ನೇಯುವ ಹುಡುಗಿಯ ಹೆಸರು. ಯಾರು ಯಾವಾಗ ಯಾವ ಹೆಸರಿನಿಂದ ಕೂಗುತ್ತಾರೋ ಎಂದು ಎರಡೂ ಕಡೆಗೆ ಕಿವಿಗೊಟ್ಟು, ನೀನು ನೋಡುವಾಗಲೂ ಅದು ಹೀಗೆ ನಡುಗುತ್ತಾ ಮಿನುಗುತ್ತದೆ.